ಕೈಯಿಂದ ಕೈಗೆ ದಾಟುವ ಚಿತ್ರಗಳು

ಒಳ್ಳೆಯ ಪುಸ್ತಕವೊಂದನ್ನು ಓದಿದರೆ ಅದನ್ನು ಇನ್ನೊಬ್ಬರ ಕೈಗಿಡುವುದು ನಮ್ಮಲ್ಲಿ ಹಳೆಯ ರೂಢಿ. ಒಳ್ಳೆಯ ವೈದ್ಯರು ಯಾರು, ಮಕ್ಕಳನ್ನು ಯಾವ ಶಾಲೆಗೆ ಸೇರಿಸಬಹುದು, ಯಾವ ಅಂಗಡಿಯಲ್ಲಿ ಮೀನು ತಾಜಾ ಇರುತ್ತದೆ ಎಂಬುದನ್ನೂ ನಾವು ಕೇಳದಿದ್ದರೂ ಹೇಳುತ್ತೇವೆ. ಸಿನಿಮಾದ ವಿಷಯದಲ್ಲಿ ಮಾತ್ರ ಈ ಕೆಲಸವನ್ನು ಪೋಸ್ಟರಿಗೂ ಟಿ.ವಿ.ಯ ಜಾಹೀರಾತಿಗೂ ಬಿಟ್ಟುಕೊಟ್ಟಿದ್ದೇವೆ. ಕೋಟಿಗಟ್ಟಲೆ ಸುರಿದು ತೆಗೆದ ಚಿತ್ರಕ್ಕೆ ನಮ್ಮ ಶಿಫಾರಸು ಬೇಕಾಗಿಲ್ಲ, ಅದು ತಾನೇ ಬಂದು ನಮ್ಮ ಮನೆಯ ಬಾಗಿಲು ತಟ್ಟುತ್ತದೆ. ಆದರೆ ಒಬ್ಬ ನಿರ್ದೇಶಕ ಸಾಲ ಮಾಡಿ, ಗೆಳೆಯರಿಂದ ಕ್ಯಾಮರಾ ಪಡೆದು, ಹತ್ತು ವರ್ಷ ಅಲೆದು ಮಾಡಿದ ಸಾಕ್ಷ್ಯಚಿತ್ರಕ್ಕೆ ಪೋಸ್ಟರಿಲ್ಲ, ಟಾಕೀಸಿಲ್ಲ. ಯಾರಾದರೂ ಒಬ್ಬರು ಇನ್ನೊಬ್ಬರಿಗೆ "ಇದನ್ನು ನೋಡಿ" ಎಂದು ಹೇಳಿದರಷ್ಟೇ ಅದು ಬದುಕುತ್ತದೆ, ಹೇಳದಿದ್ದರೆ ಡಬ್ಬದಲ್ಲೇ ಉಳಿಯುತ್ತದೆ. ಹಾಗೆ ನಮಗೆ ಯಾರೋ ಹೇಳಿದ, ನಾವು ಇನ್ನೊಬ್ಬರಿಗೆ ಹೇಳಿದ ಕೆಲವು ಚಿತ್ರಗಳನ್ನು ಈಗ ಓದುಗರಿಗೂ ದಾಟಿಸುವುದು ಈ ಬರಹದ ಉದ್ದೇಶ.

ನಾವು ಎಂದರೆ ಕರಾವಳಿಯ ಒಂದು ಸಣ್ಣ ಪೇಟೆಯ ಹತ್ತು ಹನ್ನೆರಡು ಮಂದಿ. ಇಬ್ಬರು ಅಧ್ಯಾಪಕರು, ಒಬ್ಬ ಮೆಡಿಕಲ್ ಅಂಗಡಿಯವರು, ಗಲ್ಫಿನಿಂದ ಮರಳಿ ಬಂದು ರಿಕ್ಷಾ ಓಡಿಸುವ ಒಬ್ಬರು, ಕಾಲೇಜು ಓದುವ ನಾಲ್ಕೈದು ಹುಡುಗರು. ನಮಗೆ ಸಂಘದ ಹೆಸರಿಲ್ಲ, ರಸೀದಿ ಪುಸ್ತಕವಿಲ್ಲ, ಅಧ್ಯಕ್ಷರೂ ಇಲ್ಲ. ತಿಂಗಳಿಗೊಂದು ಶನಿವಾರ ಇಶಾ ನಮಾಜು ಮುಗಿದ ಮೇಲೆ ಒಂದು ಅಂಗಡಿಯ ಮಾಳಿಗೆಯಲ್ಲಿ ಸೇರುತ್ತೇವೆ. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟುತ್ತೇವೆ. ಪ್ರೊಜೆಕ್ಟರ್ ಎರವಲಿನದ್ದು. ಮದುವೆ ಮನೆಗಳಿಗೆ ಮೈಕ್‌ಸೆಟ್ ಕೊಡುವ ಗೆಳೆಯರೊಬ್ಬರು ಆ ದಿನ ಮದುವೆ ಇಲ್ಲದಿದ್ದರೆ ಸ್ಪೀಕರ್ ತಂದುಕೊಡುತ್ತಾರೆ. ಮದುವೆ ಇದ್ದರೆ ಲ್ಯಾಪ್‌ಟಾಪಿನ ಸಣ್ಣ ಸದ್ದಿಗೇ ಎಲ್ಲರೂ ಕಿವಿಗೊಡಬೇಕು. ಚಿತ್ರ ಮುಗಿದ ಮೇಲೆ ಚಹಾ ಮತ್ತು ಮಾತು. ಕೆಲವೊಮ್ಮೆ ಮಾತು ಚಿತ್ರಕ್ಕಿಂತ ಉದ್ದವಾಗುವುದೂ ಇದೆ.

ಈ ಬಗೆಯ ಚಿತ್ರಗಳ ದೊಡ್ಡ ತೊಡಕು ಭಾಷೆ. ಮಾತು ಹಿಂದಿಯಲ್ಲೋ ಮರಾಠಿಯಲ್ಲೋ ಅರಬಿಯಲ್ಲೋ ಇರುತ್ತದೆ, ಕೆಳಗಿನ ಅಕ್ಷರಗಳು ಇಂಗ್ಲಿಷಿನಲ್ಲಿ. ಅವು ಒಂದು ಉಸಿರಿನಷ್ಟು ಹೊತ್ತು ಕಾಣಿಸಿ ಮಾಯವಾಗುತ್ತವೆ. ಇಂಗ್ಲಿಷ್ ಬಲ್ಲವರಿಗೇ ಓದಿ ಮುಗಿಯುವುದಿಲ್ಲ, ಇನ್ನು ಐದನೇ ತರಗತಿಗೆ ಶಾಲೆ ಬಿಟ್ಟವರ ಪಾಡೇನು? ಅದಕ್ಕೆ ನಾವು ಕಂಡುಕೊಂಡ ದಾರಿ ಸರಳವಾದದ್ದು. ಒಬ್ಬರು ಚಿತ್ರವನ್ನು ಮೊದಲೇ ಎರಡು ಸಲ ನೋಡಿ ಬರಬೇಕು, ಪ್ರದರ್ಶನದ ಹೊತ್ತಿಗೆ ಪರದೆಯ ಪಕ್ಕದಲ್ಲಿ ಕುಳಿತು ಅಲ್ಲಲ್ಲಿ ಕನ್ನಡದಲ್ಲಿ, ಬೇಕಾದಲ್ಲಿ ಬ್ಯಾರಿ ಭಾಷೆಯಲ್ಲಿ ಹೇಳುತ್ತಾ ಹೋಗಬೇಕು. "ಮಾಸ್ಟ್ರೇ, ಸ್ವಲ್ಪ ನಿಲ್ಲಿಸಿ, ಆ ಹೆಂಗಸು ಈಗ ಹೇಳಿದ್ದೇನು?" ಎಂದು ಹಿಂದಿನಿಂದ ಯಾರಾದರೂ ಕೇಳಿದರೆ ಚಿತ್ರ ನಿಲ್ಲುತ್ತದೆ. ಒಂದು ಗಂಟೆಯ ಚಿತ್ರ ಎರಡು ಗಂಟೆ ಹಿಡಿಯುತ್ತದೆ. ಸಿನಿಮಾ ಬಲ್ಲವರು ಇದನ್ನು ಒಪ್ಪಲಾರರು. ಆದರೆ ಅರ್ಥವಾಗದೆ ಓಡುವ ಚಿತ್ರಕ್ಕಿಂತ ನಿಂತು ನಿಂತು ಅರ್ಥವಾಗುವ ಚಿತ್ರ ಮೇಲು ಎಂಬುದು ನಮ್ಮ ಅನುಭವ.

ನಮ್ಮ ಸಮುದಾಯದಲ್ಲಿ ಸಿನಿಮಾ ಎಂದರೆ ಒಂದು ಬಗೆಯ ಅನುಮಾನ ಮೊದಲಿನಿಂದಲೂ ಇದೆ. ಹಿರಿಯರು ಬೇಡವೆಂದರು, ಹುಡುಗರು ಕದ್ದು ಟಾಕೀಸಿಗೆ ಹೋದರು. ಈಗ ಎಲ್ಲರ ಕಿಸೆಯಲ್ಲೂ ಟಾಕೀಸು ಇರುವುದರಿಂದ ಆ ಚರ್ಚೆಗೆ ಮೊದಲಿನ ಬಿಸಿಯಿಲ್ಲ. ಆದರೂ ನಮ್ಮ ಮಾಳಿಗೆಗೆ ಮೊದಲ ಸಲ ಬಂದ ಹಾಜಿಯವರೊಬ್ಬರು ಚಿತ್ರ ಮುಗಿಯುವವರೆಗೂ ಸುಮ್ಮನಿದ್ದು ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನೆಲ್ಲ ನೋಡಿ ಪ್ರಯೋಜನ ಏನು ಮಾಸ್ಟ್ರೇ?" ಅವರು ಜಗಳಕ್ಕೆ ಕೇಳಿದ್ದಲ್ಲ. ಅಂಗಡಿ ನಡೆಸಿ ಲೆಕ್ಕ ಬರೆದ ಮನುಷ್ಯ, ಎರಡು ಗಂಟೆ ಖರ್ಚಾದರೆ ಜಮೆ ಏನೆಂದು ತಿಳಿಯಬೇಕಿತ್ತು. ಆ ಪ್ರಶ್ನೆ ನಮ್ಮ ಜೊತೆ ಉಳಿದುಕೊಂಡಿದೆ. ಮುಂದೆ ಹೇಳುವ ಪ್ರತಿ ಚಿತ್ರವನ್ನೂ ನಾವು ಆ ಪ್ರಶ್ನೆಯ ಎದುರಿಗಿಟ್ಟೇ ನೋಡಿದ್ದೇವೆ.

ಈ ದಾಟಿಸುವ ಕೆಲಸ ನಾವು ಕಂಡುಹಿಡಿದದ್ದೇನಲ್ಲ. ಮಲೆನಾಡಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಮೂಲಕ 1970ರ ದಶಕದಲ್ಲೇ ಅಡಿಕೆ ತೋಟದ ರೈತರಿಗೆ, ಕೂಲಿಕಾರರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು ಎಂಬ ಪೇಟೆಯವರ ನಂಬಿಕೆ ಅಲ್ಲಿ ಸುಳ್ಳಾಯಿತು. ನಮ್ಮ ಪಕ್ಕದ ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು 1984ರಲ್ಲಿ ಒಡೆಸ್ಸಾ ಎಂಬ ಕೂಟ ಕಟ್ಟಿದರು. ಊರೂರಿಗೆ ಪ್ರೊಜೆಕ್ಟರ್ ಹೊತ್ತು ಒಳ್ಳೆಯ ಚಿತ್ರ ತೋರಿಸಿ, ಜನರಿಂದಲೇ ಹಣ ಒಟ್ಟುಮಾಡಿ 1986ರಲ್ಲಿ 'ಅಮ್ಮ ಅರಿಯಾನ್' ಎಂಬ ಚಿತ್ರವನ್ನು ಮಾಡಿದರು. ಬಂಡವಾಳ ಹಾಕಿದವರೂ ಜನ, ನೋಡಿದವರೂ ಜನ. ಒಬ್ಬ ನಿರ್ಮಾಪಕನ ಮರ್ಜಿ ಕಾಯದೆ ಸಿನಿಮಾ ಮಾಡಬಹುದೆಂದು ತೋರಿಸಿಕೊಟ್ಟ ಪ್ರಯೋಗ ಅದು.

2002ರ ಗುಜರಾತ್ ಹಿಂಸೆಯ ಕುರಿತು ರಾಕೇಶ್ ಶರ್ಮಾ ಮಾಡಿದ 'ಫೈನಲ್ ಸೊಲ್ಯೂಷನ್' ಚಿತ್ರದ ಕತೆ ಇನ್ನೂ ವಿಶೇಷವಾದದ್ದು. 2004ರಲ್ಲಿ ಸೆನ್ಸಾರ್ ಮಂಡಳಿ ಅದಕ್ಕೆ ಪ್ರಮಾಣಪತ್ರ ನಿರಾಕರಿಸಿತು. ಆಗ ನಿರ್ದೇಶಕರು ಹೂಡಿದ ಉಪಾಯ ನೋಡಿ: ಚಿತ್ರದ ಸಿ.ಡಿ. ಬೇಕೆಂದವರಿಗೆ ಉಚಿತವಾಗಿ ಕೊಡುತ್ತೇನೆ, ಆದರೆ ಅದರಿಂದ ಐದು ಪ್ರತಿ ಮಾಡಿ ಹಂಚುತ್ತೇನೆಂದು ಅವರು ಮಾತು ಕೊಡಬೇಕು! ಚಿತ್ರೋದ್ಯಮವೆಲ್ಲ ನಕಲಿ ಸಿ.ಡಿ.ಯ ವಿರುದ್ಧ ಗೋಳಾಡುತ್ತಿದ್ದ ಕಾಲದಲ್ಲಿ ಒಬ್ಬ ನಿರ್ದೇಶಕ ತನ್ನ ಚಿತ್ರವನ್ನು ನಕಲು ಮಾಡಿ ಎಂದು ಬೇಡಿಕೊಂಡ. ಹೀಗೆ ಅದು ಮನೆಯಿಂದ ಮನೆಗೆ, ಕಾಲೇಜಿನಿಂದ ಕಾಲೇಜಿಗೆ ಹರಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಿಷೇಧವೂ ತೆರವಾಯಿತು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗುಜರಾತಿನ ಮುಸ್ಲಿಮರ ನೋವನ್ನು ಜಗತ್ತಿಗೆ ತೋರಿಸಲು ಹೊರಟವರು ಆ ಸಮುದಾಯದವರಲ್ಲ. ನೋವು ಯಾರದೆಂದು ವಿಚಾರಿಸಿಕೊಂಡು ಅವರು ಕ್ಯಾಮರಾ ಎತ್ತಲಿಲ್ಲ.

ಇನ್ನು ಚಿತ್ರಗಳ ವಿಷಯಕ್ಕೆ ಬರೋಣ. ಮನ ಕಲಕುವ ಚಿತ್ರ ಎಂದೊಡನೆ ಅಳಿಸುವ ಚಿತ್ರ ಎಂದೇ ಅನೇಕರು ತಿಳಿಯುತ್ತಾರೆ. ಅದಕ್ಕೇ ನಾವು ಎಲ್ಲರಿಗೂ ಮೊದಲು ಹೇಳುವುದು ಹೊಟ್ಟೆ ಹುಣ್ಣಾಗುವಂತೆ ನಗಿಸುವ ಒಂದು ಚಿತ್ರವನ್ನು. ಫೈಝಾ ಅಹ್ಮದ್ ಖಾನ್ ನಿರ್ದೇಶಿಸಿದ 'ಸೂಪರ್‌ಮೆನ್ ಆಫ್ ಮಾಲೇಗಾಂವ್' 2008ರದ್ದು, ನಮ್ಮ ದೇಶದ ಟಾಕೀಸುಗಳಿಗೆ ಬರಲು ಅದಕ್ಕೆ 2012ರವರೆಗೆ ಕಾಯಬೇಕಾಯಿತು. ಮಾಲೇಗಾಂವ್ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ವಿದ್ಯುತ್ ಮಗ್ಗಗಳ ಪಟ್ಟಣ. ಮೋಸಮ್ ಎಂಬ ನದಿ ಊರನ್ನು ಸೀಳಿಕೊಂಡು ಹರಿಯುತ್ತದೆ, ಒಂದು ದಂಡೆಯಲ್ಲಿ ಬಹುಮಟ್ಟಿಗೆ ಮುಸ್ಲಿಮರು, ಇನ್ನೊಂದು ದಂಡೆಯಲ್ಲಿ ಹಿಂದೂಗಳು. 2006ರಲ್ಲಿ ಮತ್ತು 2008ರಲ್ಲಿ ಬಾಂಬು ಸ್ಫೋಟವಾದ ಊರೆಂದೇ ಪತ್ರಿಕೆ ಓದುವವರಿಗೆ ಅದರ ಪರಿಚಯ. ಆ ಊರಿನಲ್ಲಿ ನಾಸಿರ್ ಶೇಖ್ ಎಂಬವರು, ಹಿಂದೆ ವಿಡಿಯೋ ಪಾರ್ಲರ್ ನಡೆಸುತ್ತಿದ್ದವರು, ತಮ್ಮೂರಿನದ್ದೇ ಒಂದು 'ಶೋಲೆ' ಮಾಡಿ ಗೆದ್ದು, ಈಗ ತಮ್ಮೂರಿನದ್ದೇ ಒಂದು ಸೂಪರ್‌ಮ್ಯಾನ್ ಮಾಡಲು ಹೊರಡುತ್ತಾರೆ. ಅದನ್ನು ಮಾಡುವ ಪಾಡೇ ಈ ಸಾಕ್ಷ್ಯಚಿತ್ರ. ಸೂಪರ್‌ಮ್ಯಾನ್ ಆಗಿ ಆಯ್ಕೆಯಾದದ್ದು ಮಗ್ಗದ ಕೆಲಸಗಾರ ಶಫೀಕ್ ಶೇಖ್, ಗಾಳಿ ಬಂದರೆ ಹಾರಿಹೋಗುವಷ್ಟು ಸಪೂರ. ಲಾರಿಯ ಮೇಲೆ ಹಸಿರು ಬಟ್ಟೆ ಕಟ್ಟಿ ಅದರ ಮುಂದೆ ಅವರನ್ನು ಹಾರಿಸುತ್ತಾರೆ. ಇರುವ ಒಂದು ಕ್ಯಾಮರಾ ನೀರಿಗೆ ಬೀಳುತ್ತದೆ. ನಡುವೆ ನಾಯಕನಿಗೆ ಮದುವೆ!

ಈ ಚಿತ್ರವನ್ನು ಒಂದು ಮಧ್ಯಾಹ್ನ ಹೆಂಗಸರಿಗಾಗಿಯೇ ಬೇರೆ ತೋರಿಸಿದೆವು. ಬ್ರಾಂಚಿಗೆ ಬೀಡಿ ಕೊಟ್ಟು ಬಂದವರು, ಕೊಡಲು ಬಾಕಿ ಇದ್ದವರು ಗೆರಸೆಯ ಸಮೇತ ಬಂದು ಎಲೆ ಕತ್ತರಿಸುತ್ತಲೇ ಕುಳಿತರು. ಸೂಪರ್‌ಮ್ಯಾನ್ ಹಾರುವಾಗ ಕೈಯ ಕತ್ತರಿ ನಿಲ್ಲುವಷ್ಟು ನಕ್ಕರು. ಶುಕ್ರವಾರದ ರಜೆಗೆ ಮಗ್ಗದವರು ಟಾಕೀಸಿಗೆ ಮುಗಿಬೀಳುವುದನ್ನು ಕಂಡಾಗ ಒಬ್ಬಾಕೆ, "ನಮಗೆ ಶುಕ್ರವಾರವೂ ರಜೆಯಿಲ್ಲ ಟೀಚರ್" ಎಂದರು. ಆ ಚಿತ್ರದ ಸೂಪರ್‌ಮ್ಯಾನ್ ಶಫೀಕ್ ಮುಂದೆ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರೆಂದು ಕೊನೆಯಲ್ಲಿ ಹೇಳಿದಾಗ ಮಾತ್ರ ಯಾರೂ ಮಾತಾಡಲಿಲ್ಲ. ಹೊಗೆಸೊಪ್ಪಿನ ಧೂಳು ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಇದೇ ಕತೆಯನ್ನು ಆಧರಿಸಿ ರೀಮಾ ಕಾಗ್ತಿ ಮಾಡಿದ ಹಿಂದಿ ಚಿತ್ರ 'ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್' 2025ರಲ್ಲಿ ಬಿಡುಗಡೆಯಾಯಿತು. ಅದನ್ನು ನೋಡಿದವರು ಮೂಲ ಸಾಕ್ಷ್ಯಚಿತ್ರವನ್ನೂ ತಪ್ಪದೆ ನೋಡಬೇಕು. ಪತ್ರಿಕೆಯ ಮುಖಪುಟದಲ್ಲಿ ಬಾಂಬಿನ ಜೊತೆ ಬರುವ ಹೆಸರೊಂದು ಇಲ್ಲಿ ನಗುವ, ಕನಸುವ ಮನುಷ್ಯರ ಊರಾಗಿ ಬಿಡುತ್ತದೆ.

ಎರಡನೆಯದು ದೆಹಲಿಯ ಚಿತ್ರ, ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್', 2022ರದ್ದು. ಉಸಿರಾಡುವುದೆಲ್ಲವೂ ಎಂದು ಅದರ ಅರ್ಥ. ವಝೀರಾಬಾದಿನ ಒಂದು ಇಕ್ಕಟ್ಟಾದ ನೆಲಮಾಳಿಗೆಯಲ್ಲಿ ನದೀಮ್ ಶೆಹಝಾದ್ ಮತ್ತು ಮುಹಮ್ಮದ್ ಸವೂದ್ ಎಂಬ ಅಣ್ಣತಮ್ಮ ಗಾಯಗೊಂಡ ಹದ್ದುಗಳಿಗೆ ಚಿಕಿತ್ಸೆ ಮಾಡುತ್ತಾರೆ. ಹೊಟ್ಟೆಪಾಡಿಗೆ ಅದೇ ಮನೆಯಲ್ಲಿ ಕೈತೊಳೆಯುವ ಸಾಬೂನಿನ ಡಬ್ಬಿಗಳನ್ನು ತಯಾರಿಸುವ ಕಸುಬು. ಗಾಜಿನ ಪುಡಿ ಸವರಿದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿ, ಹೊಗೆಯಿಂದ ಕಣ್ಣು ಮಂಜಾಗಿ ಆಕಾಶದಿಂದ ಬೀಳುವ ಹದ್ದುಗಳು ರಟ್ಟಿನ ಪೆಟ್ಟಿಗೆಯಲ್ಲಿ ಇವರ ಬಾಗಿಲಿಗೆ ಬರುತ್ತವೆ. ಹದ್ದಿಗೆ ಮಾಂಸ ಹಾಕಿದರೆ ಪುಣ್ಯವೆಂದು ಚಿಕ್ಕಂದಿನಲ್ಲಿ ಕೇಳಿ ಬೆಳೆದವರು ಇವರು. ಪ್ರಾಯದಲ್ಲಿ ಕಸರತ್ತು ಮಾಡುತ್ತಾ ಸ್ನಾಯು, ಮೂಳೆಗಳ ಬಗ್ಗೆ ತಿಳಿದದ್ದೇ ಹಕ್ಕಿಗಳ ಶುಶ್ರೂಷೆಗೆ ಮೊದಲ ಪಾಠವಾಯಿತು. ಚಿತ್ರ ಸನ್‌ಡಾನ್ಸ್ ಮತ್ತು ಕಾನ್ ಎರಡೂ ಉತ್ಸವಗಳಲ್ಲಿ ಶ್ರೇಷ್ಠ ಸಾಕ್ಷ್ಯಚಿತ್ರ ಪ್ರಶಸ್ತಿ ಪಡೆಯಿತು, 2023ರಲ್ಲಿ ಆಸ್ಕರ್ ಕಣದಲ್ಲೂ ಇತ್ತು.

ಆದರೆ ನಾವು ಇದನ್ನು ಹೇಳುತ್ತಿರುವುದು ಪ್ರಶಸ್ತಿಯ ಕಾರಣಕ್ಕಲ್ಲ. ಚಿತ್ರ ನಡೆಯುತ್ತಿರುವಂತೆ ಹೊರಗೆ ಪೌರತ್ವ ಕಾಯ್ದೆಯ ವಿರುದ್ಧದ ಘೋಷಣೆಗಳು ಕೇಳುತ್ತವೆ, 2020ರ ಫೆಬ್ರವರಿಯ ದೆಹಲಿಯ ಹಿಂಸೆಯ ಸುದ್ದಿ ಬರುತ್ತದೆ. ಒಳಗೆ ಮನೆಯವರು ಕಾಗದಪತ್ರದ ಬಗ್ಗೆ ಆತಂಕದಿಂದ ಮಾತಾಡುತ್ತಾರೆ. ಅದೇ ಹೊತ್ತಿನಲ್ಲಿ ಕೈಗಳು ಮಾತ್ರ ಹದ್ದಿನ ರೆಕ್ಕೆಗೆ ಪಟ್ಟಿ ಕಟ್ಟುತ್ತಲೇ ಇರುತ್ತವೆ. ನಿರ್ದೇಶಕರು ಯಾವುದನ್ನೂ ಎತ್ತಿ ಹೇಳುವುದಿಲ್ಲ. ಇವರ ಜೊತೆಗಾರ ಹುಡುಗ ಸಾಲಿಕ್‌ನ ಕನ್ನಡಕವನ್ನು ಹದ್ದೊಂದು ಎಗರಿಸಿಕೊಂಡು ಹೋಗುವ ದೃಶ್ಯಕ್ಕೆ ನಮ್ಮ ಮಾಳಿಗೆಯಲ್ಲಿ ಎಲ್ಲರೂ ನಕ್ಕರು. ನಕ್ಕ ಮೇಲೆ ರಿಕ್ಷಾದ ಗೆಳೆಯರು ಹೇಳಿದರು: "ತಮಗೇ ಇಷ್ಟು ಕಷ್ಟ ಇರುವಾಗ ಹಕ್ಕಿಯನ್ನು ನೋಡುತ್ತಾ ಇದ್ದಾರಲ್ಲ!" ನಮ್ಮ ದೃಷ್ಟಿಯಲ್ಲಿ ಆ ಚಿತ್ರದ ಬಗ್ಗೆ ಬಂದ ವಿಮರ್ಶೆಗಳಲ್ಲೆಲ್ಲ ಅದೇ ಒಳ್ಳೆಯ ವಿಮರ್ಶೆ.

ಫೆಲೆಸ್ತೀನಿನ ಬಗ್ಗೆ ಇಷ್ಟು ವರ್ಷಗಳಲ್ಲಿ ನಾವು ಓದಿದ್ದಕ್ಕೆ ಲೆಕ್ಕವಿಲ್ಲ. ಆದರೆ ಒಂದು ಹಳ್ಳಿಯ ಒಬ್ಬ ರೈತನ ಕಣ್ಣಿನಿಂದ ಅದನ್ನು ಕಂಡದ್ದು '5 ಬ್ರೋಕನ್ ಕ್ಯಾಮರಾಸ್' ಚಿತ್ರದಲ್ಲಿ. ಪಶ್ಚಿಮ ದಂಡೆಯ ಬಿಲ್‌ಇನ್ ಹಳ್ಳಿಯ ಇಮಾದ್ ಬುರ್ನಾತ್ 2005ರಲ್ಲಿ ನಾಲ್ಕನೇ ಮಗ ಜಿಬ್ರೀಲ್ ಹುಟ್ಟಿದಾಗ ಮಗುವಿನ ಚಿತ್ರ ತೆಗೆಯಲೆಂದು ಒಂದು ಕ್ಯಾಮರಾ ಕೊಂಡರು. ಅದೇ ಕಾಲಕ್ಕೆ ಹಳ್ಳಿಯ ಜಮೀನನ್ನು ಕತ್ತರಿಸಿ ಇಸ್ರೇಲಿನ ಬೇಲಿ ಬಂತು, ಆಲಿವ್ ಮರಗಳು ಉರುಳಿದವು. ಹಳ್ಳಿಗರು ಪ್ರತಿ ಶುಕ್ರವಾರ ಬರಿಗೈಯಲ್ಲಿ ಮೆರವಣಿಗೆ ಹೋದರು, ಇಮಾದ್ ಅದನ್ನೂ ಚಿತ್ರಿಸಿದರು. ಒಂದಾದ ಮೇಲೊಂದರಂತೆ ಐದು ಕ್ಯಾಮರಾಗಳು ಒಡೆದವು. ಒಂದು ಕ್ಯಾಮರಾ ತನಗೆ ಬೀಳಬೇಕಿದ್ದ ಗುಂಡನ್ನು ತಾನೇ ತಿಂದಿತು. ಮಗು ಕಲಿತ ಮೊದಮೊದಲ ಮಾತುಗಳಲ್ಲಿ ಗೋಡೆ ಮತ್ತು ಸೈನ್ಯದ ಹೆಸರುಗಳೂ ಇದ್ದವು. ಮಕ್ಕಳನ್ನೆಲ್ಲ ನಗಿಸುತ್ತಿದ್ದ, ಊರವರು ಆನೆ ಎಂಬರ್ಥದ 'ಫೀಲ್' ಎಂದು ಕರೆಯುತ್ತಿದ್ದ ಬಾಸಿಮ್ 2009ರ ಏಪ್ರಿಲ್‌ನಲ್ಲಿ ಅಶ್ರುವಾಯು ಶೆಲ್ ಎದೆಗೆ ಬಡಿದು ಸತ್ತರು.

ಈ ಚಿತ್ರವನ್ನು ಇಮಾದ್ ಜೊತೆ ಸೇರಿ ನಿರ್ದೇಶಿಸಿದವರು ಗೀ ದವೀದಿ, ಒಬ್ಬ ಇಸ್ರೇಲಿ. ಇದನ್ನು ಹೇಳಿದಾಗ ನಮ್ಮ ಹುಡುಗರು ಆಶ್ಚರ್ಯಪಟ್ಟರು. 2024ರ 'ನೋ ಅದರ್ ಲ್ಯಾಂಡ್' ಕೂಡ ಹಾಗೆಯೇ ಇಬ್ಬರು ಫೆಲೆಸ್ತೀನಿಯರು, ಇಬ್ಬರು ಇಸ್ರೇಲಿಗಳು ಕೂಡಿ ಮಾಡಿದ್ದು. ಮಸಾಫರ್ ಯತ್ತಾದ ಮನೆಗಳನ್ನು ಬುಲ್ಡೋಝರ್ ಕೆಡಹುವುದನ್ನು ಅದು ವರ್ಷಗಟ್ಟಲೆ ಹಿಂಬಾಲಿಸುತ್ತದೆ. 2025ರ ಮಾರ್ಚ್‌ನಲ್ಲಿ ಅದಕ್ಕೆ ಆಸ್ಕರ್ ಬಂತು. ಅದೇ ಜುಲೈಯಲ್ಲಿ ಆ ಚಿತ್ರಕ್ಕೆ ನೆರವಾಗಿದ್ದ ಶಿಕ್ಷಕ ಅವ್ದಾ ಹತಾಲೀನ್ ಗುಂಡೇಟಿಗೆ ಬಲಿಯಾದರು. ಪ್ರಶಸ್ತಿ ಅವರನ್ನು ಕಾಪಾಡಲಿಲ್ಲ. ಹಾಜಿಯವರ ಪ್ರಶ್ನೆ ಅತ್ಯಂತ ಭಾರವಾಗಿ ಕಾಣುವುದು ಇಲ್ಲೇ. ಚಿತ್ರ ಗುಂಡನ್ನು ತಡೆಯಲಾರದು. ನಡೆದದ್ದು ನಡೆಯಲೇ ಇಲ್ಲ ಎಂದು ನಾಳೆ ಹೇಳುವವರನ್ನು ಅದು ತಡೆಯಬಹುದು, ಅಷ್ಟೇ.

ಈ ಮೂರು ನಾಲ್ಕು ಚಿತ್ರಗಳಾದ ಮೇಲೆ ನಮ್ಮ ಕಾಲೇಜು ಹುಡುಗನೊಬ್ಬ ಒಂದು ಮಾತು ಎತ್ತಿದ. "ಎಲ್ಲದರಲ್ಲೂ ನಮ್ಮವರೇ. ಬೇರೆಯವರಿಗೆ ನೋವಿಲ್ಲವಾ?" ಮುಂದಿನ ತಿಂಗಳಿಗೆ ಆನಂದ್ ಪಟವರ್ಧನ್ ಅವರ 'ಜೈ ಭೀಮ್ ಕಾಮ್ರೇಡ್' ತೋರಿಸೋಣವೆಂದು ಅವನೇ ಸೂಚಿಸಿದ. ಆಗ ಮಾಳಿಗೆಯಲ್ಲಿ ವಾದ ಶುರುವಾಯಿತು. "ನಮ್ಮದೇ ನಮಗೆ ಹೊರಲಾರದಷ್ಟಿದೆ, ಇನ್ನೊಬ್ಬರದ್ದನ್ನೂ ಯಾಕೆ ತರುವುದು?" ಎಂದರು ಕೆಲವರು. ನಮ್ಮ ಬಗ್ಗೆ ಮಾತಾಡುವವರೇ ಕಡಿಮೆ, ಇರುವ ಒಂದು ಶನಿವಾರವನ್ನೂ ಬಿಟ್ಟುಕೊಡಬೇಕೇ ಎಂಬುದು ಅವರ ಅಳಲು. ಅದರಲ್ಲಿ ಸತ್ಯವಿಲ್ಲದಿಲ್ಲ. ಗಾಯವಾದವನಿಗೆ ತನ್ನ ಗಾಯವೇ ಮೊದಲು ಕಾಣುವುದು. ಆದರೆ ರಾಕೇಶ್ ಶರ್ಮಾ, ಶೌನಕ್ ಸೇನ್, ದವೀದಿ ಇವರೆಲ್ಲ ನಮ್ಮ ಹಾಗೆಯೇ ಯೋಚಿಸಿದ್ದರೆ ನಾವು ಈವರೆಗೆ ನೋಡಿದ ಚಿತ್ರಗಳಲ್ಲಿ ಎಷ್ಟು ಉಳಿಯುತ್ತಿದ್ದವು? ಹುಡುಗನ ಈ ಮಾತಿಗೆ ಯಾರಲ್ಲೂ ಉತ್ತರವಿರಲಿಲ್ಲ. ಚಿತ್ರ ತೋರಿಸುವುದೆಂದಾಯಿತು.

1997ರ ಜುಲೈ 11ರಂದು ಮುಂಬಯಿಯ ಘಾಟ್ಕೋಪರ್‌ನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದು ಬೆಳಿಗ್ಗೆ ಕಂಡಿತು. ಸಿಟ್ಟಿನಿಂದ ರಸ್ತೆಗಿಳಿದ ದಲಿತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹತ್ತು ಜನ ಸತ್ತರು. ಕೆಲವೇ ದಿನಗಳಲ್ಲಿ ವಿಲಾಸ್ ಘೋಗ್ರೆ ಎಂಬ ಹಾಡುಗಾರ, ಕವಿ, ನೇಣು ಹಾಕಿಕೊಂಡರು. ಬಾಳೆಲ್ಲ ಕೆಂಬಾವುಟದ ಜೊತೆ ಹಾಡಿದ ಮನುಷ್ಯ ಕೊನೆಗೆ ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡಿದ್ದರು. ಪಟವರ್ಧನ್ ಅವರ ಹಿಂದಿನ 'ಹಮಾರಾ ಶಹರ್' ಚಿತ್ರದಲ್ಲಿ ಹಾಡಿದ್ದವರು ಇವರೇ. ಗೆಳೆಯನ ಸಾವಿಗೆ ಉತ್ತರ ಹುಡುಕುತ್ತಾ ಪಟವರ್ಧನ್ ಹದಿನಾಲ್ಕು ವರ್ಷ ಚಿತ್ರೀಕರಿಸಿದರು. 2011ರಲ್ಲಿ ಮುಗಿದ ಚಿತ್ರ ಬಹಳ ದೀರ್ಘವಾದದ್ದು. ಆದರೂ ಅದು ಭಾರವೆನಿಸುವುದಿಲ್ಲ, ಯಾಕೆಂದರೆ ಅದರ ತುಂಬ ಹಾಡಿದೆ. ಗುಂಡು ಬಿದ್ದ ಓಣಿಯಲ್ಲಿ, ಸಭೆಯಲ್ಲಿ, ಮನೆಯ ಅಡುಗೆ ಕೋಣೆಯ ಬಾಗಿಲಲ್ಲಿ ಜನ ಹಾಡುತ್ತಲೇ ಇರುತ್ತಾರೆ.

ಆ ಶನಿವಾರ ಮಾಮೂಲಿಗಿಂತ ಕಡಿಮೆ ಜನ ಬಂದರು. ಆದರೆ ಹುಡುಗರು ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಿಬ್ಬರನ್ನು ಕರೆದಿದ್ದರು, ಅವರು ಬಂದಿದ್ದರು. ಮುಂದೆ ಕುರ್ಚಿ ಇದ್ದರೂ ಬಾಗಿಲ ಹತ್ತಿರ ನಿಂತಿದ್ದರು. ಹಾಜಿಯವರು ಎದ್ದುಹೋಗಿ, "ಬನ್ನಿ, ನನ್ನ ಹತ್ತಿರ ಕೂತುಕೊಳ್ಳಿ" ಎಂದು ಕರೆತಂದರು. ಚಿತ್ರ ಎರಡು ಕಂತಿನಲ್ಲಿ, ನಡುವೆ ಚಹಾ ಕೊಟ್ಟು, ನಡುರಾತ್ರಿ ದಾಟಿದ ಮೇಲೆ ಮುಗಿಯಿತು. ಹಿರಿಯ ಪೌರಕಾರ್ಮಿಕರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: "ಇಪ್ಪತ್ತೆರಡು ವರ್ಷದಿಂದ ಈ ಮೆಟ್ಟಿಲಿನ ಕೆಳಗೆ ಗುಡಿಸುತ್ತಿದ್ದೇನೆ. ಮೆಟ್ಟಿಲು ಹತ್ತಿದ್ದು ಇವತ್ತೇ." ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಕೇಳುವುದು ಸುಲಭವಾಗುತ್ತಿತ್ತೇನೋ. ಕೈಗವಸಿಗೂ ಬಾಕಿ ಸಂಬಳಕ್ಕೂ ಅವರು ಕೊಟ್ಟಿದ್ದ ಅರ್ಜಿಯ ಸಂಗತಿ ನಮಗೆ ತಿಳಿದದ್ದು ಆ ರಾತ್ರಿ. ಮುಂದಿನ ಸೋಮವಾರ ನಮ್ಮಲ್ಲಿ ನಾಲ್ವರು ಅವರ ಜೊತೆ ಕಚೇರಿಗೆ ಹೋದರು. ಕೈಗವಸು ಬಂತು, ಬಾಕಿಗೆ ಇನ್ನೂ ಅಲೆದಾಟ ನಡೆದಿದೆ.

ಕನ್ನಡದಲ್ಲಿ ಇಂಥ ಚಿತ್ರಗಳಿಲ್ಲವೇ ಎಂದು ಓದುಗರು ಕೇಳಬಹುದು. ಇವೆ. ಕರಾವಳಿಯವರು ನೋಡಲೇಬೇಕಾದದ್ದು ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸು', 2008ರದ್ದು. ವೈದೇಹಿಯವರ ಕತೆಯನ್ನು ಆಧರಿಸಿದ್ದರೂ ಕಾಸರವಳ್ಳಿ ಅದನ್ನು ಸಾಕಷ್ಟು ಬದಲಿಸಿಕೊಂಡಿದ್ದಾರೆ. ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ ಸಿನಿಮಾದ ಹುಚ್ಚಿನ ಸೂಲಗಿತ್ತಿ ಗುಲಾಬಿ, ಗಂಡ ಬಿಟ್ಟುಹೋದ ಮುಸ್ಲಿಂ ಹೆಣ್ಣು. ಹೆರಿಗೆ ಮಾಡಿಸಿದ್ದಕ್ಕೆ ಮೆಚ್ಚುಗೆಯಾಗಿ ಅವಳ ಮನೆಗೆ ಡಿಶ್ ಸಮೇತ ಟಿ.ವಿ. ಬರುತ್ತದೆ. ಆವರೆಗೆ ಅವಳ ಜಗಲಿ ಹತ್ತದಿದ್ದ ಹೆಂಗಸರು ಟಿ.ವಿ. ನೋಡಲು ಬಂದು ಕುಳಿತುಕೊಳ್ಳುತ್ತಾರೆ, ಕಷ್ಟಸುಖ ಹೇಳಿಕೊಳ್ಳುತ್ತಾರೆ. ಕಾರ್ಗಿಲ್ ಯುದ್ಧದ ಕಾಲ ಅದು. ದೋಣಿ, ಬಲೆ, ಮೀನಿನ ವ್ಯಾಪಾರದ ಪೈಪೋಟಿಗೆ ಮೆಲ್ಲಗೆ ಧರ್ಮದ ಬಣ್ಣ ಹತ್ತುತ್ತದೆ. ಜಗಲಿ ಮತ್ತೆ ಖಾಲಿಯಾಗುತ್ತದೆ. ಗುಲಾಬಿಯಾದ ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ನಮ್ಮೂರಿನಲ್ಲೂ ಮೊದಲು ಟಿ.ವಿ. ಬಂದ ಮನೆಗಳ ಜಗಲಿಯಲ್ಲಿ ಎಲ್ಲ ಜಾತಿಯ ಮಕ್ಕಳು ಒತ್ತಿಕೊಂಡು ಕೂರುತ್ತಿದ್ದ ಕಾಲವೊಂದಿತ್ತು. ಅದು ಹೇಗೆ ಮುಗಿಯಿತೆಂದು ತಿಳಿಯಲು ಭಾಷಣಕ್ಕಿಂತ ಈ ಚಿತ್ರ ಒಳ್ಳೆಯದು.

ಈಚಿನದ್ದೆಂದರೆ ಉತ್ಸವ್ ಗೋನವಾರ ಅವರ 'ಫೋಟೋ', 2024ರಲ್ಲಿ ತೆರೆಗೆ ಬಂದದ್ದು. ರಾಯಚೂರು ಸೀಮೆಯ ಒಬ್ಬ ಬಾಲಕ, ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬುದು ಹುಡುಗನ ಆಸೆ. ಅಷ್ಟಕ್ಕೇ ಊರಿನಿಂದ ಬಂದವನು, 2020ರ ಮಾರ್ಚ್‌ನ ಲಾಕ್‌ಡೌನಿಗೆ ಸಿಕ್ಕಿಕೊಳ್ಳುತ್ತಾನೆ. ಮುಂದಿನದ್ದು ನಡಿಗೆ, ಬಿಸಿಲು, ಮುಗಿಯದ ರಸ್ತೆ. ಆ ಬೇಸಿಗೆಯಲ್ಲಿ ಊರು ಸೇರಲು ನಡೆದ ಸಾವಿರಾರು ಜನರನ್ನು ನಾವು ಸುದ್ದಿಯಾಗಿ ನೋಡಿದೆವು, ಮರೆತೆವು. ಇಲ್ಲಿ ಒಂದೇ ಮಗುವಿನ ಹೆಜ್ಜೆ ನೋಡುತ್ತೇವೆ, ಮರೆಯಲಾಗುವುದಿಲ್ಲ. ರಾಯಚೂರಿನ ಕನ್ನಡವನ್ನು ಅದರದ್ದೇ ಸೊಗಸಿನಲ್ಲಿ ಕೇಳುವ ಲಾಭವೂ ಉಂಟು.

ಕಣ್ಣೀರು ತರಿಸುವುದು ಅಂಥ ದೊಡ್ಡ ವಿದ್ಯೆಯಲ್ಲ. ಈರುಳ್ಳಿಯೂ ತರಿಸುತ್ತದೆ. ಸಂಜೆಯ ಧಾರಾವಾಹಿ ದಿನಾ ತರಿಸುತ್ತದೆ. ಮೇಲಿನ ಚಿತ್ರಗಳನ್ನು ನಾವು ಆರಿಸಿದ್ದು ಅವು ಅಳಿಸಿದವು ಎಂದಲ್ಲ, ನೋಡಿ ಮುಗಿಸಿದ ಮೇಲೆ ನಮ್ಮ ಪಕ್ಕದಲ್ಲೇ ಇರುವವರ ಕಡೆಗೆ ಮುಖ ತಿರುಗಿಸುವಂತೆ ಮಾಡಿದವು ಎಂದು. ತನ್ನ ನೋವಿನ ಚಿತ್ರ ನೋಡಿ ಅಳುವುದು ಸಹಜ. ಆ ಅಳು ಅಲ್ಲೇ ನಿಂತರೆ ಅದು ನಮ್ಮನ್ನು ಇನ್ನಷ್ಟು ಒಂಟಿ ಮಾಡುತ್ತದೆ, ಜಗತ್ತೆಲ್ಲ ನಮ್ಮ ವಿರುದ್ಧ ಎಂಬ ಕಹಿಯನ್ನಷ್ಟೇ ಉಳಿಸುತ್ತದೆ. ಹಾಜಿಯವರಿಗೆ ನಾವು ಈಗಲೂ ಲೆಕ್ಕದ ಪುಸ್ತಕದಲ್ಲಿ ಬರೆಯುವಂಥ ಉತ್ತರ ಕೊಟ್ಟಿಲ್ಲ. ಆದರೆ ಈಚೆಗೆ ಅವರು ಪ್ರಯೋಜನವೇನೆಂದು ಕೇಳುವುದನ್ನು ಬಿಟ್ಟಿದ್ದಾರೆ. ತಿಂಗಳ ಮೊದಲ ವಾರದಲ್ಲಿ ಸಿಕ್ಕಿದರೆ, "ಈ ಸಲ ಯಾರ ಕತೆ ಮಾಸ್ಟ್ರೇ?" ಎನ್ನುತ್ತಾರೆ.

ಇಂಥ ಚಿತ್ರ ತೋರಿಸಬೇಕೆಂದಿರುವವರಿಗೆ ನಮ್ಮ ಅನುಭವದ ಕೆಲವು ಮಾತು. ದೊಡ್ಡ ಸಭಾಂಗಣ ಬೇಡ, ಹತ್ತು ಜನ ಸಾಕು. ಉದ್ಘಾಟನೆ, ಸ್ವಾಗತ, ವಂದನಾರ್ಪಣೆ ಯಾವುದೂ ಬೇಡ. ಸಾಧ್ಯವಾದರೆ ನಿರ್ದೇಶಕರಿಗೆ ಒಂದು ಪತ್ರ ಬರೆದು ಅನುಮತಿ ಕೇಳಿ. ಸ್ವತಂತ್ರವಾಗಿ ಚಿತ್ರ ಮಾಡುವವರು ಸಣ್ಣ ಊರಿನಿಂದ ಬಂದ ಪತ್ರಕ್ಕೆ ಬಹಳ ಸಲ ಸಂತೋಷದಿಂದ ಉತ್ತರಿಸುತ್ತಾರೆ, ನಾಲ್ಕು ಕಾಸು ಒಟ್ಟುಮಾಡಿ ಕಳಿಸಿದರೆ ಅದೂ ಮುಂದಿನ ಚಿತ್ರಕ್ಕೆ ನೆರವು. ಅರ್ಥ ಹೇಳುವವರೊಬ್ಬರನ್ನು ಮೊದಲೇ ಗೊತ್ತು ಮಾಡಿ. ಹೆಂಗಸರಿಗೆ ಅನುಕೂಲವಾದ ಹೊತ್ತು ಯಾವುದೆಂದು ಹೆಂಗಸರನ್ನೇ ಕೇಳಿ. ಮೊಬೈಲಿನಲ್ಲಿ ಕೊಂಡಿ ಕಳಿಸಿಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ, ಹಾಗೆ ಬಂದ ನೂರರಲ್ಲಿ ಒಂದನ್ನೂ ಯಾರೂ ತೆರೆಯುವುದಿಲ್ಲ. ನಿಮ್ಮ ಮನಸ್ಸಿಗೆ ತಟ್ಟಿದ್ದು ಯಾವುದೆಂದು ಎರಡು ಮಾತು ಹೇಳಿ, ಆದರೆ ಜೊತೆಗೆ ಕುಳಿತು ಮತ್ತೊಮ್ಮೆ ನೋಡಿ.

ಮುಂದಿನ ಶನಿವಾರಕ್ಕೆ ಯಾವ ಚಿತ್ರವೆಂದು ಇನ್ನೂ ತೀರ್ಮಾನವಾಗಿಲ್ಲ. ಕೊರಗರ ಬದುಕಿನ ಬಗ್ಗೆ, ಮೀನುಗಾರ ಹೆಂಗಸರ ಬಗ್ಗೆ, ಎಂಡೋಸಲ್ಫಾನ್ ಪೀಡಿತ ಮಕ್ಕಳ ತಾಯಂದಿರ ಬಗ್ಗೆ ಒಳ್ಳೆಯ ಚಿತ್ರವೇನಾದರೂ ನೀವು ಕಂಡಿದ್ದರೆ ಅದರ ಹೆಸರನ್ನು ನಮಗೂ ತಿಳಿಸಿ. ಮಾಳಿಗೆಯಲ್ಲಿ ಇನ್ನೂ ನಾಲ್ಕು ಕುರ್ಚಿ ಹಿಡಿಯುವಷ್ಟು ಜಾಗವಿದೆ.